ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಹೊತ್ತು ಎಷ್ಟು

ಅಪ್ಪ-ಅಮ್ಮನನ್ನು ಬೆಂಗಳೂರಿನಿಂದ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆಸಿಕೊಳ್ಳಬೇಕು, ದೂರದ ಲೆಕ್ಕ 16 ಗಂಟೆ ಅನ್ನುತ್ತೆ, ಟಿಕೆಟ್ 22 ಗಂಟೆ ತೋರಿಸುತ್ತೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ.

ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಹಿಡಿದರೆ ಸುಮಾರು 14,000 ಕಿ.ಮೀ. ಗಂಟೆಗೆ 900ರಂತೆ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಸೇರಿಸಿದರೆ 16 ಬರುತ್ತೆ. ಆದರೆ ಆ ದಾರಿ ಚೀನಾ, ಸೈಬೀರಿಯಾ ಮೇಲೆ ಹಾಯುತ್ತೆ. ನಡುವೆ ವಿಮಾನ ಬದಲಿಸುವವರಿಗೆ ಅದು ಸಿಗೋದಿಲ್ಲ. ದುಬೈ ಮೂಲಕ ಹೋದರೆ ಮೊದಲ ವಿಮಾನ 2,700, ಎರಡನೆಯದು 13,000; ಹಾಗೆಯೇ ಸಿಂಗಾಪುರದ ಮೂಲಕ 3,200 ಮತ್ತು 13,600, ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150 ಕಿ.ಮೀ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ದೂರ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಕಿಲೋಮೀಟರ್ ನೋಡಿ ಟಿಕೆಟ್ ಆರಿಸಬೇಡಿ. ಪೆಸಿಫಿಕ್ ಮೇಲಿನ ಗಾಳಿ ಮಾತ್ರ ಲೆಕ್ಕಕ್ಕೆ ಬರುತ್ತೆ: ಸಿಂಗಾಪುರದಿಂದ ಇಲ್ಲಿಗೆ ಸುಮಾರು 15 ಗಂಟೆಯಾದರೆ, ಎದುರುಗಾಳಿಯಲ್ಲಿ ವಾಪಸ್ಸಿಗೆ 17 ಹಿಡಿಯುತ್ತೆ.

ನಿಜವಾದ ವ್ಯತ್ಯಾಸ ಇರೋದು ನೆಲದ ಮೇಲೆ. ವಯಸ್ಸಾದವರಿಗೆ ಕೊನೆಯ ವಿಮಾನ ನೇರ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇಳಿಯುವಂತೆ ನೋಡಿಕೊಳ್ಳಿ. ಶಿಕಾಗೋ ಅಥವಾ ನ್ಯೂಯಾರ್ಕ್‌ನಲ್ಲಿ ಬದಲಿಸುವ ಟಿಕೆಟ್ ಅಗ್ಗವಾಗಿದ್ದರೂ, ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಆಗುತ್ತೆ. ಸಾಮಾನ್ಯವಾಗಿ ಅಲ್ಲೇ ಬೆಲ್ಟ್‌ನಿಂದ ಸೂಟ್‌ಕೇಸ್ ಇಳಿಸಿ, ಕಸ್ಟಮ್ಸ್ ದಾಟಿ, ಮತ್ತೆ ಕೊಟ್ಟು, ಸೆಕ್ಯುರಿಟಿ ಸಾಲಿನಲ್ಲಿ ನಿಲ್ಲಬೇಕು. ಎರಡು ಗಂಟೆ ಅಂತರ ಇಟ್ಟುಕೊಂಡವರ ವಿಮಾನ ತಪ್ಪೋದು ಇಲ್ಲೇ. ಬೇರೆ ದಾರಿಯೇ ಇಲ್ಲದಿದ್ದರೆ ಕನಿಷ್ಠ ನಾಲ್ಕು ಗಂಟೆ ಇರಲಿ.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಕೊಂಡರೆ ಮೊದಲನೆಯದು ತಡವಾದಾಗ ಎರಡನೆಯ ಕಂಪನಿಗೆ ಯಾವ ಹೊಣೆಯೂ ಇಲ್ಲ, ಲಗೇಜೂ ಕೊನೆಯವರೆಗೆ ಹೋಗೋದು ಖಾತ್ರಿಯಿಲ್ಲ. ಗಾಲಿಕುರ್ಚಿಯನ್ನು ಬುಕಿಂಗ್ ಮಾಡುವಾಗಲೇ ಕೇಳಿ. ಅದಕ್ಕೆ ದುಡ್ಡಿಲ್ಲ, ಇಂಗ್ಲಿಷ್ ಬಾರದ ಅಮ್ಮನಿಗೆ ಗೇಟ್ ತೋರಿಸಲು ಜೊತೆಗೊಬ್ಬರು ಇದ್ದಂತೆಯೂ ಆಗುತ್ತೆ.

ತಾರೀಖು ಗಮನಿಸಿ. ಭಾರತ ಇಲ್ಲಿಗಿಂತ ಚಳಿಗಾಲದಲ್ಲಿ 13:30, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ 12:30 ಗಂಟೆ ಮುಂದೆ. ಜನವರಿಯಲ್ಲಿ ಸೋಮವಾರ ಬೆಳಗಿನ ಜಾವ 4ಕ್ಕೆ ಬೆಂಗಳೂರು ಬಿಟ್ಟು 22 ಗಂಟೆ ಪ್ರಯಾಣಿಸಿದರೆ, ಇಲ್ಲಿ ಇಳಿಯುವಾಗ ಅದೇ ಸೋಮವಾರ ಮಧ್ಯಾಹ್ನ 12:30. ವಾಪಸ್ ಹೋಗುವಾಗ ಸೋಮವಾರ ಮಧ್ಯಾಹ್ನ ಹೊರಟರೆ ತಲುಪೋದು ಬುಧವಾರ ನಸುಕಿಗೆ. ಊರಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಆ ಒಂದು ದಿನ ಕೈತಪ್ಪದಂತೆ ನೋಡಿಕೊಳ್ಳಿ.

ಆ 22ಕ್ಕೆ ಜಯನಗರದಿಂದ ದೇವನಹಳ್ಳಿ ಕಡೆಗಿನ ಸುಮಾರು 40 ಕಿ.ಮೀ. ರಸ್ತೆ, ಮೂರು ಗಂಟೆ ಮುಂಚೆ ತಲುಪೋದು, ಇಲ್ಲಿನ ಇಮಿಗ್ರೇಷನ್ ಸಾಲು ಎಲ್ಲ ಕೂಡಿಸಿ. ಮನೆಯಿಂದ ಮನೆಗೆ 28 ಗಂಟೆ ಅಂತಲೇ ಅವರಿಗೆ ಹೇಳಿ. ಬಿ.ಪಿ., ಸಕ್ಕರೆ ಕಾಯಿಲೆ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಲಿ.