ಮೂಸ್ ಎಂದರೆ ನೊರೆಯೇ, ಹಾವಸೆಯೇ?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಬೇಕರಿಯಿಂದ ‘ಚಾಕೊಲೇಟ್ ಮೂಸ್’ ತಂದಿದ್ದೆವು. ಅವಳು ಕೂದಲಿಗೆ ಹಚ್ಚಿಕೊಳ್ಳುವ ಡಬ್ಬಿಯ ಮೇಲೂ ಅದೇ ಪದವಿದೆ. ತಿನ್ನುವುದಕ್ಕೂ ತಲೆಗೆ ಹಚ್ಚುವುದಕ್ಕೂ ಒಂದೇ ಹೆಸರೇ? ಪದದ ಮೂಲ ಯಾವುದು? ‘ಮೌಸ್’ ಎಂದು ಓದಿದರೆ ತಪ್ಪೇ?

ಉತ್ತರ: ಎರಡೂ ಒಂದೇ ಪದ. ಫ್ರೆಂಚಿನಲ್ಲಿ ಮೂಸ್ ಎಂದರೆ ನೊರೆ. ಬಿಯರ್ ಲೋಟದ ಮೇಲೆ ನಿಲ್ಲುವುದು ಮೂಸ್, ಕ್ಷೌರಕ್ಕೆ ಕೆನ್ನೆಗೆ ಬಳಿಯುವುದು ಮೂಸ್, ದಿಂಬಿನೊಳಗಿನ ಫೋಮ್ ಕೂಡ ಮೂಸ್. ನೊರೆಯುಕ್ಕುವ ವೈನಿಗೆ ಅವರು ‘ಮೂಸೋ’ ಎನ್ನುತ್ತಾರೆ. ನಾವು ತಿಂಡಿಯ ಹೆಸರೆಂದುಕೊಂಡದ್ದು ಅಲ್ಲಿ ತಿಂಡಿಯ ಸ್ಥಿತಿಯ ಹೆಸರು.

ಮಾಡುವುದನ್ನು ನೋಡಿದರೆ ಹೆಸರು ತಾನಾಗಿ ಅರ್ಥವಾಗುತ್ತದೆ. ಮೊಟ್ಟೆಯ ಬಿಳಿಭಾಗವನ್ನು ಕಡೆಯುತ್ತ ಹೋದಂತೆ ಮೊದಲು ದೊಡ್ಡ ಗುಳ್ಳೆಗಳೇಳುತ್ತವೆ, ಆಮೇಲೆ ಅವು ಸಣ್ಣದಾಗಿ ಹಿಟ್ಟಿನಂತೆ ಬೆಳ್ಳಗಾಗುತ್ತವೆ. ಕಡೆಗೋಲು ಎತ್ತಿದರೆ ತುದಿಯಲ್ಲಿ ಕೊಂಬು ನಿಲ್ಲಬೇಕು. ಅದನ್ನು ಕರಗಿಸಿದ ಚಾಕೊಲೇಟಿಗೆ ನೊರೆ ಒಡೆಯದಂತೆ ಮೆಲ್ಲಗೆ ಬೆರೆಸಿ ತಣ್ಣಗಿಟ್ಟರೆ, ಕೋಕೋದ ಕೊಬ್ಬು ಗಟ್ಟಿಯಾಗಿ ಗುಳ್ಳೆಗಳನ್ನು ಇದ್ದಲ್ಲೇ ಹಿಡಿದಿಡುತ್ತದೆ. ಹದಿನೆಂಟನೆಯ ಶತಮಾನದ ನಡುವಿನಲ್ಲೇ ಮೆನೋ ಎಂಬ ಫ್ರೆಂಚ್ ಪಾಕಲೇಖಕರು ಚಾಕೊಲೇಟ್, ಕಾಫಿಗಳ ಮೂಸ್ ಮಾಡುವ ಬಗೆಯನ್ನು ಬರೆದಿದ್ದರು.

ಇನ್ನು ಮೂಲ. ಇಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷ ಲ್ಯಾಟಿನ್ನಿನ ‘ಮುಲ್ಸ’ವನ್ನು ತೋರಿಸುತ್ತದೆ. ಅದು ಜೇನು ಬೆರೆಸಿದ ನೀರು. ಜೇನಿಗೆ ಲ್ಯಾಟಿನ್ನಿನಲ್ಲಿ ‘ಮೆಲ್’. (ನಮ್ಮ ‘ಮಧು’ವಿಗೆ ಇದನ್ನು ಗಂಟುಹಾಕಬೇಡಿ, ಅದರ ಬೇರು ಬೇರೆ.) ಧ್ವನಿಯ ಲೆಕ್ಕದಲ್ಲಿ ಈ ವಾದ ಗಟ್ಟಿಯೇ: ನೂಕು ಎಂಬರ್ಥದ ಲ್ಯಾಟಿನ್ ‘ಪುಲ್ಸಾರೆ’ ಫ್ರೆಂಚಿನಲ್ಲಿ ‘ಪೂಸೆ’ ಆದ ಹಾಗೆಯೇ ‘ಮುಲ್ಸ’ ‘ಮೂಸ್’ ಆಗಬಲ್ಲದು.

ಇನ್ನೊಂದು ಪಕ್ಷಕ್ಕೆ ಮೂಲವೆಂದರೆ ಹಾವಸೆ. ಫ್ರೆಂಚಿನಲ್ಲಿ ಹಾವಸೆಗೂ ‘ಮೂಸ್’ ಎಂದೇ ಹೆಸರು. ಅದು ಜರ್ಮಾನಿಕ್ ಭಾಷೆಗಳಿಂದ ಬಂದದ್ದು, ಇಂಗ್ಲಿಷಿನ ‘ಮಾಸ್’ ಅದರ ಬಂಧು. ಹಾವಸೆಯ ಅರ್ಥವೇ ಹಳೆಯದು, ನೊರೆಯ ಅರ್ಥ ಬಳಿಕ ಬಂದದ್ದು. ನನ್ನ ಒಲವು ಈ ಕಡೆಗೇ. ಮಳೆಗಾಲದಲ್ಲಿ ಕಲ್ಲುಗೋಡೆಯ ಮೇಲಿನ ಹಾವಸೆಯನ್ನು ಬೆರಳಿನಿಂದ ಒತ್ತಿ ನೋಡಿ: ಮೆತ್ತಗೆ ಕುಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ, ಒಳಗೆಲ್ಲ ಗಾಳಿ, ನೀರು. ಚಮಚದಿಂದ ಕತ್ತರಿಸಿದ ಮೂಸಿನ ಮಗ್ಗುಲಲ್ಲೂ ಅಂಥವೇ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಹಾಗೆ ಕಂಡವರು ನೊರೆಗೂ ಹಾವಸೆಯ ಹೆಸರಿಟ್ಟಿದ್ದರೆ ಅದು ಸಹಜ.

ಉಚ್ಚಾರಣೆ ‘ಮೂಸ್’, ‘ಮೌಸ್’ ಅಲ್ಲ. ಹಾಗೆಂದು ಕೆನಡಾದ ದೊಡ್ಡ ಕೊಂಬಿನ ಮೂಸ್ ಜಿಂಕೆಯ ನಂಟು ಇದಕ್ಕಿಲ್ಲ. ಅದು ಅಮೆರಿಕದ ಮೂಲನಿವಾಸಿಗಳ ಅಲ್ಗಾಂಕ್ವಿಯನ್ ಭಾಷೆಗಳ ಪದ. ನಾಯಿ ಮೂಸುತ್ತದೆ ಎನ್ನುವಾಗಿನ ನಮ್ಮ ‘ಮೂಸು’ ಕೂಡ ಅಚ್ಚ ಕನ್ನಡದ್ದು, ಕಿವಿಗಷ್ಟೇ ಒಂದೇ. ಕನ್ನಡದಲ್ಲೇ ಹೇಳಬೇಕೆಂದಿದ್ದರೆ ಹಾಲು ಕರೆಯುವಾಗ ಪಾತ್ರೆಯ ಬಾಯಿಗೆ ಏರಿಬರುವ ನೊರೆಯನ್ನು ನೆನೆಯಿರಿ. ‘ನೊರೆಹಾಲು’ ಎಂಬಂತೆ ‘ನೊರೆ ಚಾಕೊಲೇಟ್’ ಎನ್ನುವುದಕ್ಕೆ ಅಡ್ಡಿಯೇನೂ ಇಲ್ಲ.