ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಸೈಕಲ್ ಇಲ್ಲಿಂದಲೇ ಒಯ್ಯಬೇಕಾ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಬೇಕಾ?

ನೀವು ಐದು ಜನ ಗೆಳೆಯರು, ಅಕ್ಟೋಬರ್‌ನಲ್ಲಿ ಏಳು ದಿನ, ಬ್ಯಾಗ್ ಕಟ್ಟಿಕೊಂಡು ಇಡೀ ದ್ವೀಪ ಸುತ್ತುವ ಪ್ಲಾನ್ ನಿಮ್ಮದು. ನಾವೂ ಐದೇ ಜನ ಇದ್ದೆವು, ಏಪ್ರಿಲ್‌ನಲ್ಲಿ ಹೋಗಿದ್ದೆವು. ನೀವು ಕೇಳಿರುವ ಇದೇ ಪ್ರಶ್ನೆಯನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎರಡು ತಿಂಗಳು ಎಳೆದಾಡಿದ್ದೆವು. ಕೇಳಬೇಕಾಗಿದ್ದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಬ್ರೇಕಿನ ಪ್ರಶ್ನೆ.

ಕೊನೆಗೆ ಬಾಡಿಗೆ ಅಂತ ತೀರ್ಮಾನವಾಯಿತು. ದ್ವೀಪದ ಉತ್ತರದ ತುದಿಯಲ್ಲಿರುವ ಪೋರ್ಟ್ ದೆ ಪೊಲ್ಯೆನ್ಸಾದಲ್ಲಿ ರೂಮು ಮಾಡಿದ್ದೆವು. ಅಂಗಡಿಗೆ ಹೋಗುವಷ್ಟರಲ್ಲಿ ಸಂಜೆ. ನನ್ನ ಸೀಟಿನ ಎತ್ತರ ಸರಿಮಾಡುತ್ತಿದ್ದ ಮೆಕ್ಯಾನಿಕ್ ಹುಡುಗ ತಲೆ ಎತ್ತಿ ಕೇಳಿದ, “ಬ್ರೇಕ್ ಹೀಗೇ ಇರಲಾ, ಇಂಗ್ಲೆಂಡಿನವರಿಗೆ ಮಾಡಿಕೊಡುವ ಹಾಗೆ ಅದಲುಬದಲು ಮಾಡಿಕೊಡಲಾ? ಮಾಡಬೇಕು ಅಂದರೆ ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ.” ಉಳಿದ ನಾಲ್ವರು ಆಗಲೇ ಸೈಕಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮರುದಿನ ಎಂಟಕ್ಕೆಲ್ಲ ಹೊರಡೋದು ಅಂತ ಮಾತಾಗಿತ್ತು. ನಾನು “ಪರವಾಗಿಲ್ಲ” ಅಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ನಮ್ಮಲ್ಲಿ ಬಲಗೈಯದು ಮುಂದಿನ ಬ್ರೇಕ್, ಎಡಗೈಯದು ಹಿಂದಿನದು. ಬೈಕಿನಲ್ಲೂ ಬಲಗೈಯಲ್ಲೇ ಮುಂದಿನ ಬ್ರೇಕ್ ಇರುತ್ತದೆ ಅಲ್ವಾ? ಸ್ಪೇನ್ ಸೇರಿ ಯುರೋಪಿನ ಬಹುಪಾಲು ದೇಶಗಳಲ್ಲಿ ಸೈಕಲ್‌ಗೆ ಇದು ಉಲ್ಟಾ. ಎಡಗೈ ಒತ್ತಿದರೆ ಮುಂದಿನ ಚಕ್ರ ಹಿಡಿಯುತ್ತದೆ. ಇಳಿಜಾರಿನಲ್ಲಿ ಮೈಭಾರವೆಲ್ಲ ಮುಂದಕ್ಕೆ ಬಂದಿರುತ್ತದೆ. ಆಗ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಟೈರು ಒಂದಿಷ್ಟು ಜಾರಬಹುದು, ಅಷ್ಟೇ. ಮುಂದಿನದನ್ನು ಹಾಗೆ ಒಮ್ಮೆಲೇ ಹಿಡಿದರೆ ಹಿಂದಿನ ಚಕ್ರ ಮೇಲೆದ್ದು ಸವಾರ ಹ್ಯಾಂಡಲ್ ದಾಟಿ ಹಾರುತ್ತಾನೆ. ಇಪ್ಪತ್ತು ವರ್ಷದಿಂದ ನನ್ನ ಬಲಗೈ ಮೆತ್ತಗೆ ಒತ್ತೋದನ್ನು, ಎಡಗೈ ಗಟ್ಟಿಯಾಗಿ ಒತ್ತೋದನ್ನು ಕಲಿತಿತ್ತು. ಆ ಸೈಕಲ್‌ಗೆ ಬೇಕಾಗಿದ್ದು ಸರಿಯಾಗಿ ಅದರ ಉಲ್ಟಾ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ “ಪರವಾಗಿಲ್ಲ” ಅಂದೆ. ಮೊದಲ ದಿನ ಪೆತ್ರಾ ಊರಿನವರೆಗೆ ಹೋಗಿ ಬಂದೆವು. ದ್ವೀಪದ ನಡುಭಾಗ ಹೆಚ್ಚು ಕಡಿಮೆ ಸಮತಟ್ಟು. ಎರಡೂ ಕಡೆ ಕಲ್ಲಿನ ಗೋಡೆ, ಬಾದಾಮಿ ಮರ, ಸಣ್ಣ ರಸ್ತೆ. ಪೆತ್ರಾದ ಚೌಕದಲ್ಲಿ ಕುರ್ಚಿಗಿಂತ ಸೈಕಲ್ಲೇ ಜಾಸ್ತಿ. ದಿನವಿಡೀ ಒಂದು ತೊಂದರೆಯೂ ಆಗಲಿಲ್ಲ. ಕೈಗೆ ಅಭ್ಯಾಸವಾಯಿತು ಅಂದುಕೊಂಡೆ. ಆಗಿರಲಿಲ್ಲ. ಯೋಚಿಸಿ ಒತ್ತುವಾಗ ಸರಿಯಾಗಿ ಒತ್ತುತ್ತಿದ್ದೆ, ಅಷ್ಟೇ. ಯೋಚಿಸಲು ಸಮಯ ಸಿಗದ ಸಂದರ್ಭ ಮೊದಲ ದಿನ ಬರಲೇ ಇಲ್ಲ.

ಎರಡನೇ ದಿನ ಬಂತು. ಫೊರ್ಮೆಂತೊರ್ ತುದಿಯ ದೀಪಸ್ತಂಭಕ್ಕೆ ಹೊರಟಿದ್ದೆವು. ಊರು ದಾಟಿದ ಕೂಡಲೇ ಏರು. ಮೇಲೆ ಸಮುದ್ರ ಕಾಣುವ ಕಟ್ಟೆಯಲ್ಲಿ ನಿಂತು ಫೋಟೊ ತೆಗೆದುಕೊಂಡು ಆಚೆ ಕಡೆ ಇಳಿಯತೊಡಗಿದೆವು. ಆ ಕಡೆ ರಸ್ತೆಯಲ್ಲಿ ಮೇಕೆಗಳು ಇರುತ್ತವೆ. ಒಂದು ತಿರುವು ಕಳೆದಿದ್ದೇ ರಸ್ತೆ ನಡುವೆ ಒಂದು ಮೇಕೆ. ಎರಡೂ ಕೈ ಒಟ್ಟಿಗೇ ಮುಚ್ಚಿದವು, ಎಡಗೈ ಇನ್ನೂ ಗಟ್ಟಿಯಾಗಿ. ಆಮೇಲೆ ನೆನಪಿರೋದು ಕೆನ್ನೆಗೆ ತಾಗಿದ ಬಿಸಿ ಡಾಂಬರು, ಅದರ ಮೇಲೆ ಒಣಗಿದ ಪೈನ್ ಎಲೆಗಳು. ನನ್ನ ನೀರಿನ ಬಾಟಲಿ ಸದ್ದು ಮಾಡುತ್ತಾ ಉರುಳಿ ಮುಂದಿನ ತಿರುವಿನಲ್ಲಿ ಮರೆಯಾಯಿತು. ಮೇಕೆ ನಿಂತಲ್ಲೇ ನಿಂತಿತ್ತು. ಎದ್ದು ಕೂರಲು ನೋಡಿದೆ, ಬಲಗೈ ಎತ್ತಲು ಆಗಲಿಲ್ಲ. ನಮ್ಮ ಜೊತೆ ಡಾಕ್ಟರ್ ಗೆಳತಿ ಇದ್ದಳು. ಜೆರ್ಸಿಯ ಜಿಪ್ ಸರಿಸಿ ನೋಡಿ, “ಕಾಲರ್ ಬೋನ್ ಹೋಗಿದೆ ಕಣೋ, ಅಲ್ಲಾಡಬೇಡ” ಅಂದಳು. ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿದರು, ಆಂಬುಲೆನ್ಸ್ ಬಂತು.

ಅಲ್ಲಿಗೆ ನನ್ನ ಸೈಕಲ್ ರಜೆ ಮುಗಿಯಿತು. ಐದು ದಿನ ಇನ್ನೂ ಬಾಕಿ ಇತ್ತು. ಇಡೀ ವರ್ಷ ನಾನು ಕನಸು ಕಂಡಿದ್ದು ಸ ಕಲೋಬ್ರಾ ರಸ್ತೆಯನ್ನು. ಎಂಜಿನಿಯರ್ ಆಂತೋನಿಯೊ ಪರಿಯೆತ್ತಿ 1932ರಲ್ಲಿ ಕಟ್ಟಿಸಿದ ಘಾಟಿ ಅದು. ಸುಮಾರು 9.5 ಕಿ.ಮೀ. ಉದ್ದ, ಸರಾಸರಿ ಶೇ. 7ರ ಏರು, 26 ಹೇರ್‌ಪಿನ್ ತಿರುವುಗಳು. ಒಂದು ಕಡೆ ರಸ್ತೆ ಟೈ ಗಂಟಿನ ಹಾಗೆ ಸುತ್ತಿ ತನ್ನದೇ ಕೆಳಗೆ ಹಾದುಹೋಗುತ್ತದೆ. ನಂದಿಬೆಟ್ಟಕ್ಕಿಂತ ಸ್ವಲ್ಪ ಉದ್ದ, ಸ್ವಲ್ಪ ಕಡಿದು. ಆದರೆ ನಂದಿಯಲ್ಲಿ ಮೊದಲು ಹತ್ತಿ ಆಮೇಲೆ ಇಳಿಯುತ್ತೇವೆ. ಇಲ್ಲಿ ಮೊದಲು ಸಮುದ್ರಕ್ಕೆ ಇಳಿಯಬೇಕು, ವಾಪಸ್ ಬರಲು ಅದೇ ರಸ್ತೆ ಹತ್ತಲೇಬೇಕು. ಬೇರೆ ರಸ್ತೆಯಿಲ್ಲ.

ಐದನೇ ದಿನ ನಾಲ್ವರೂ ಅಲ್ಲಿಗೆ ಹೊರಟರು. ರೂಮಿನಲ್ಲಿ ಸುಮ್ನೆ ಕೂರಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ದ್ವೀಪದ ರಾಜಧಾನಿ ಪಾಲ್ಮಾಕ್ಕೆ ಹೋದೆ. ಅಲ್ಲಿಂದ ಸೊಯೆರ್‌ಗೆ 1912ರಿಂದ ಓಡುತ್ತಿರುವ ಮರದ ಬೋಗಿಯ ರೈಲು, ಸೊಯೆರ್‌ನಿಂದ ಬಂದರಿಗೆ ಟ್ರಾಮ್, ಬಂದರಿನಿಂದ ಸ ಕಲೋಬ್ರಾಗೆ ದೋಣಿ. ಕುತ್ತಿಗೆಗೆ ನೇತುಹಾಕಿದ ಕೈಯನ್ನು ರೈಲು ಕುಲುಕಿದಾಗೆಲ್ಲ ಎಡಗೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಮಧ್ಯಾಹ್ನ ದೋಣಿ ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ಮುಕ್ಕಾಲು ಗಂಟೆ ಆದ ಮೇಲೆ ಒಬ್ಬೊಬ್ಬರೇ ಇಳಿದು ಬಂದರು. ಡಾಕ್ಟರ್ ಗೆಳತಿ ಜೇಬಿನಿಂದ ಸೊಯೆರ್ ಕಿತ್ತಳೆ ತೆಗೆದು, ಸುಲಿದು, ತೊಳೆ ತೊಳೆಯಾಗಿ ನನ್ನ ಎಡಗೈಗೆ ಇಟ್ಟಳು. ಅವರು ವಾಪಸ್ ಹತ್ತಲು ಶುರು ಮಾಡಿದಾಗ ಮೊದಲ ತಿರುವಿನವರೆಗೆ ಪಕ್ಕದಲ್ಲೇ ನಡೆದೆ. ಅವರು ಮರೆಯಾದ ಮೇಲೆ ಅತ್ತುಬಿಟ್ಟೆ. ನೋವಿಗೆ ಅಲ್ಲ.

ಈಗ ನಿಮ್ಮ ವಿಷಯ. ಬಾಡಿಗೆಗೇ ತೆಗೆದುಕೊಳ್ಳಿ. ಬೆಂಗಳೂರಿನಿಂದ ಸೈಕಲ್ ಬಿಚ್ಚಿ, ಡಬ್ಬಕ್ಕೆ ತುಂಬಿ, ವಿಮಾನ ಬದಲಿಸಿ, ಅಲ್ಲಿ ಮತ್ತೆ ಜೋಡಿಸೋದರಲ್ಲಿ ಹೋಗುವ ಒಂದು ದಿನವನ್ನು ರಸ್ತೆಯಲ್ಲಿ ಕಳೆಯಬಹುದು. ಪೆಡಲ್ ಮತ್ತು ಶೂ ಮಾತ್ರ ನಿಮ್ಮವೇ ಇರಲಿ. ಗೇರು ಹಗುರವಾಗಿರಲಿ: ಮುಂದೆ 34 ಹಲ್ಲು, ಹಿಂದೆ 32 ಅಥವಾ 34.

ಇಡೀ ದ್ವೀಪ ಸುತ್ತುವ ಪ್ಲಾನ್ ಬಿಟ್ಟುಬಿಡಿ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಬ್ಯಾಗ್ ಹೊತ್ತು ದಿನಕ್ಕೊಂದು ಊರು ಬದಲಿಸಿದರೆ ಐದೂ ಜನ ದಿನಾ ಒಂದೇ ದೂರ ಹೋಗಲೇಬೇಕಾಗುತ್ತದೆ, ಸುಸ್ತಾದವರೂ ಸೇರಿ. ಒಂದೇ ಊರಿನಲ್ಲಿ ಉಳಿದರೆ ಒಬ್ಬರು ಸಮುದ್ರದಲ್ಲಿ ಈಜಬಹುದು, ಇಬ್ಬರು ಲ್ಯುಕ್ ಮಠದವರೆಗೆ ಹತ್ತಿ ಬರಬಹುದು, ಬುಧವಾರವಾದರೆ ಎಲ್ಲರೂ ಸಿನೆವು ಸಂತೆಗೆ ಹೋಗಬಹುದು. ರಾತ್ರಿ ಊಟಕ್ಕೆ ಹೇಗೂ ಒಟ್ಟಿಗೇ ಕೂರುತ್ತೀರಿ. ನಿಮ್ಮಲ್ಲಿ ಸಸ್ಯಾಹಾರಿಗಳಿದ್ದರೆ, ಬೇಕರಿಯಲ್ಲಿ ಕಾಣುವ ಸುರುಳಿಯಾಕಾರದ ಎನ್ಸೈಮಾದಾವನ್ನು ಹಂದಿ ಕೊಬ್ಬು ಹಾಕಿ ಮಾಡುತ್ತಾರೆ ಅನ್ನೋದು ಗೊತ್ತಿರಲಿ. ಬ್ರೆಡ್ಡಿಗೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಸುರಿದು ಕೊಡುವ ಪಾ ಅಂಬ್ ಒಲಿ ಕೇಳಿ, ಮಾಂಸ ಬೇಡ ಅಂತ ಹೇಳಿ.

ವೀಸಾಕ್ಕೆ ಹೇಗೂ 30,000 ಯೂರೋ ವಿಮೆ ಕಡ್ಡಾಯ. ಸೈಕಲ್ ಅಪಘಾತ ಅದರಲ್ಲಿ ಸೇರಿದೆಯಾ ಅಂತ ಓದಿ ನೋಡಿ. ಊರಾಚೆ ರಸ್ತೆಯಲ್ಲಿ ಹೆಲ್ಮೆಟ್ ಕಾನೂನಿನ ಪ್ರಕಾರವೇ ಬೇಕು. ನನ್ನದು ಒಡೆದು ಎರಡು ಹೋಳಾಗಿತ್ತು.

ಇನ್ನು ಬ್ರೇಕ್. ಇಲ್ಲಿಂದ ಹೊರಡುವ ಮುಂಚೆಯೇ ಅಂಗಡಿಗೆ ಮೇಲ್ ಬರೆಯಿರಿ: ಐದೂ ಸೈಕಲ್‌ಗೆ ಬಲಗೈಯಲ್ಲಿ ಮುಂದಿನ ಬ್ರೇಕ್ ಬೇಕು. ಬ್ರಿಟಿಷ್ ಸವಾರರು ತುಂಬಾ ಬರುವ ಜಾಗ ಅದು, ಅವರ ಅಭ್ಯಾಸವೂ ನಮ್ಮ ಹಾಗೆಯೇ. ಆದ್ದರಿಂದ ಕೇಳಲು ಸಂಕೋಚ ಬೇಡ. ಆಯಿಲ್ ಇರುವ ಡಿಸ್ಕ್ ಬ್ರೇಕ್ ಅದಲುಬದಲು ಮಾಡಲು ಸಮಯ ಹಿಡಿಯುತ್ತದೆ, ನಿಂತ ನಿಲುವಿನಲ್ಲಿ ಆಗೋದಿಲ್ಲ. ಸೈಕಲ್ ಕೈಗೆ ಬಂದ ಮೇಲೆ ಅಂಗಡಿಯೊಳಗೇ ಒಬ್ಬೊಬ್ಬರೂ ಮುಂದಿನ ಚಕ್ರ ಎತ್ತಿ ತಿರುಗಿಸಿ, ಬಲಗೈಯ ಲಿವರ್ ಒತ್ತಿ. ಚಕ್ರ ನಿಲ್ಲದಿದ್ದರೆ ಹೊರಡಬೇಡಿ. ಉಳಿದ ನಾಲ್ವರು ಬಾಗಿಲಲ್ಲಿ ಕಾಯಲಿ.