ನಿಲ್ಲಿಸಬೇಕಿದ್ದದ್ದು ಬೇರೆ ಮಾತ್ರೆ

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ ಇದೆ. ಎಕೋದಲ್ಲಿ ಹೃದಯದ ಪಂಪಿಂಗ್ 30% ಎಂದು ಬಂದಿದೆ. ಅದಕ್ಕೆ ಹೊಸ ಮಾತ್ರೆ ಶುರುವಾದ ಮೇಲೆ, ಕಿಡ್ನಿಯ ಸ್ಥಿತಿ ತೋರಿಸುವ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.3ರಿಂದ 1.6ಕ್ಕೆ ಏರಿತು. ಕಿಡ್ನಿ ಕೆಟ್ಟೀತೆಂದು ಹೆದರಿ ಆ ಮಾತ್ರೆ ನಾವೇ ನಿಲ್ಲಿಸಿದೆವು. ಈಗ ಕಾಲು ಊದಿವೆ, ಮಲಗಲು ಎರಡು ದಿಂಬು ಬೇಕು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತರುತ್ತೇವೆ. ತೋಟದ ಎಳನೀರು ದಿನಾ ಕೊಡಬಹುದೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಎರಡು ದಿಂಬು ಬೇಕಾಗಿದೆ ಎಂದರೆ ನೀರು ಕಾಲಿನಲ್ಲಷ್ಟೇ ಅಲ್ಲ, ಶ್ವಾಸಕೋಶದಲ್ಲೂ ತುಂಬುತ್ತಿರಬಹುದು. ನಾಳೆಯೇ ವೈದ್ಯರಿಗೆ ತೋರಿಸಿ. ಕೂತಲ್ಲೇ ಏದುಸಿರು ಬಂದರೆ, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂತರೆ ಬೆಳಗಾಗುವವರೆಗೂ ಕಾಯಬೇಡಿ.

ನೀವು ನಿಲ್ಲಿಸಬೇಕಿದ್ದದ್ದು ಮಂಡಿನೋವಿನ ಮಾತ್ರೆ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್ ಯಾವುದೇ ಆಗಲಿ, ಕಿಡ್ನಿಗೆ ಹರಿಯುವ ರಕ್ತವನ್ನು ತಗ್ಗಿಸಿ, ಉಪ್ಪನ್ನೂ ನೀರನ್ನೂ ಮೈಯಲ್ಲೇ ಹಿಡಿದಿಡುತ್ತದೆ. ಮೂತ್ರ ಹೋಗಲು ಕೊಡುವ ಫ್ಯುರೊಸೆಮೈಡ್ ಅದರೆದುರು ಸೋಲುತ್ತದೆ. ಕೆಲವು ಬಗೆಯ ಬಿಪಿ ಮಾತ್ರೆ, ಮೂತ್ರದ ಮಾತ್ರೆ, ನೋವಿನ ಮಾತ್ರೆ ಮೂರೂ ಸೇರಿದರಂತೂ ಕಿಡ್ನಿಗೆ ಏಟು ಬೀಳುವ ಅಪಾಯ ಇನ್ನೂ ಹೆಚ್ಚು. ನೋವಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಸಾದಾ ಮಾತ್ರೆ ಕೊಡಬಹುದು, ದಿನಕ್ಕೆ ನಾಲ್ಕು ಮೀರದಂತೆ. ನೀರಿಗೆ ಹಾಕಿದರೆ ಬುಸುಗುಡುವ ಬಗೆಯದು ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ. ಮಂಡಿಗೆ ಬಿಸಿನೀರಿನ ಶಾಖ ಕೊಡಿ. ಪಾದಕ್ಕೆ ಮಾತ್ರ ಕೊಡಬೇಡಿ: ಸಕ್ಕರೆ ಕಾಯಿಲೆಯಲ್ಲಿ ಸ್ಪರ್ಶ ಮಂಕಾಗಿ, ಸುಟ್ಟರೂ ಗೊತ್ತಾಗದು.

ಕ್ರಿಯಾಟಿನಿನ್ ವಿಷಯಕ್ಕೆ ಬಂದರೆ, 1.3 ಇದ್ದದ್ದು 1.6 ಆದದ್ದು ಶೇಕಡಾ 23ರಷ್ಟು ಏರಿಕೆ. ನೀವು ನಿಲ್ಲಿಸಿದಂಥ, ಹೃದಯಕ್ಕೆಂದು ಕೊಡುವ ಮಾತ್ರೆಗಳನ್ನು ಶುರು ಮಾಡಿದಾಗ ಶೇಕಡಾ 30ರವರೆಗಿನ ಏರಿಕೆಯನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತೇವೆ. ಕಿಡ್ನಿಯೊಳಗಿನ ಒತ್ತಡ ಇಳಿದದ್ದರ ಗುರುತು ಅದು. ನಾವು ಹೆಚ್ಚು ಹೆದರುವುದು ರಕ್ತದಲ್ಲಿ ಪೊಟ್ಯಾಸಿಯಂ ಏರುವುದಕ್ಕೆ: 5.5 ದಾಟಿದರೆ ಡೋಸ್ ಇಳಿಸಬೇಕು, 6 ದಾಟಿದರೆ ನಿಲ್ಲಿಸಬೇಕು. ಹಾಗಾಗಿ ಮಾತ್ರೆ ಶುರುವಾದ, ಬದಲಾದ ಒಂದೆರಡು ವಾರದಲ್ಲಿ ಎರಡೂ ಪರೀಕ್ಷೆ ಆಗಬೇಕು. ಬಿಟ್ಟ ಮಾತ್ರೆಯನ್ನು ನೀವೇ ಮತ್ತೆ ಶುರು ಮಾಡಬೇಡಿ, ಬಿಪಿ ಮತ್ತು ರಕ್ತ ಪರೀಕ್ಷೆ ನೋಡಿ ವೈದ್ಯರು ಹೇಳಲಿ.

ಎಳನೀರು ಬೇಡ. ತಿಪಟೂರಿನವರಿಗೆ ಹೀಗೆ ಹೇಳುವುದು ಕಷ್ಟವೇ, ಆದರೆ ಒಂದು ಕಾಯಿಯ ನೀರಿನಲ್ಲಿ ಒಂದು ಬಾಳೆಹಣ್ಣಿಗಿಂತ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ತಿನ್ನುವ, ಕಿಡ್ನಿ ಸೊರಗಿದವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. 'ಲೋ ಸೋಡಿಯಂ' ಉಪ್ಪೂ ಅದೇ ಕಥೆ, ಸೋಡಿಯಂ ಬದಲು ಪೊಟ್ಯಾಸಿಯಂ ತುಂಬಿರುತ್ತದೆ. ಮಾಮೂಲಿ ಉಪ್ಪನ್ನೇ ಬಳಸಿ, ಅಡುಗೆ, ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟದಿರಲಿ.

ಸಕ್ಕರೆಯ ಮಾತ್ರೆಗಳ ಚೀಟಿಯನ್ನೂ ಒಮ್ಮೆ ನೋಡಿ. ಪಯೋಗ್ಲಿಟಜೋನ್ ಇದ್ದರೆ ಕೂಡಲೇ ವೈದ್ಯರ ಗಮನಕ್ಕೆ ತನ್ನಿ, ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ, ನಿಮ್ಮ ತಂದೆಯಂತೆ ಹೃದಯದ ಪಂಪಿಂಗ್ ಕುಗ್ಗಿ ಮೈಯಲ್ಲಿ ನೀರು ತುಂಬುವ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಸಲ್ಲದು. ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ ಇದ್ದರೆ ಒಳ್ಳೆಯದು: ಸಕ್ಕರೆ, ಹೃದಯ, ಕಿಡ್ನಿ ಮೂರಕ್ಕೂ ಆಗಿಬರುತ್ತದೆ. ಆದರೆ ವಾಂತಿ ಭೇದಿ ಆದ ದಿನ, ಉಪವಾಸದ ದಿನ ಅದನ್ನು ಕೊಡಬಾರದು. ಸಕ್ಕರೆ ಹೆಚ್ಚೇನೂ ಏರದೆಯೇ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಇನ್ನೊಂದು ಮಾತು: ಆಮ್ಲೋಡಿಪಿನ್‌ನಿಂದಲೂ, ಪಾದದ ಉರಿಗೆ ಕೊಡುವ ಪ್ರಿಗಾಬಲಿನ್‌ನಿಂದಲೂ ಕಾಲು ಊದುತ್ತದೆ. ಎಲ್ಲ ವೈದ್ಯರು ಕೊಟ್ಟ ಎಲ್ಲ ಸ್ಟ್ರಿಪ್‌ಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಎನ್ನುವುದು ಇದಕ್ಕೇ.

ಮನೆಗೊಂದು ತೂಕದ ಯಂತ್ರ ತನ್ನಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮೊದಲು, ದಿನಾ ಒಂದೇ ಬಗೆಯ ಬಟ್ಟೆಯಲ್ಲಿ ತೂಗಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆಯಿರಿ. ಸೋಮವಾರ 61.5 ಕಿಲೋ ಇದ್ದದ್ದು ಗುರುವಾರ 63.5 ಆದರೆ ಅದು ಊಟದ ತೂಕವಲ್ಲ, ನೀರು. ಕಾಲು ಊದುವುದನ್ನು ಕಾಯದೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ.